ಮರು: ‘ಹೈ ಮೈಲೇಜ್ ಲಾರಿ’ಗೆ ಕನ್ನಡ? (ತುರ್ತು, ನಾಳೆ ಸಂಜೆ ಫಲಕ ಬರೆಸಬೇಕು)

> ಪೀಣ್ಯದ ಲಾರಿ ಗ್ಯಾರೇಜೊಂದರ ಗೋಡೆಗೆ ಕನ್ನಡ ಫಲಕ ಬೇಕಾಗಿದೆ. ‘ಅಧಿಕ ಮೈಲೇಜಿನ ಡೀಸೆಲ್ ಲಾರಿಗಳ ತೈಲ ಬದಲಾವಣಾ ಅಂತರ’ ಎಂದು ತಲೆಬರಹ ಮಾಡಿದ್ದೇನೆ. ಸರಿಯೇ?

ಸರಿಯಲ್ಲ. ನಮ್ಮಲ್ಲಿ ಮೈಲೇಜ್ ಎಂದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ. ಇಂಗ್ಲಿಷಿನಲ್ಲಿ ಆ ಮಾತಿಗೆ ಗಾಡಿ ಒಟ್ಟು ಓಡಿದ ದೂರ ಎಂಬ ಅರ್ಥವೂ ಇದೆ. ಕನ್ನಡಕ್ಕೆ ಬರುವಾಗ ಅದು ಆ ಅರ್ಥವನ್ನು ತರಲಿಲ್ಲ. ನಿಮ್ಮ ಫಲಕ ಓದಿದ ಚಾಲಕ, ಕಡಿಮೆ ಡೀಸೆಲ್ ಕುಡಿಯುವ ಲಾರಿಯ ಮಾತು ಎಂದುಕೊಂಡು ಮುಂದೆ ಹೋಗುತ್ತಾನೆ. ‘ಬಹಳ ಓಡಿದ ಲಾರಿ’ ಎನ್ನಿ, ಸಾಕು. ಗಾಡಿ ಮಾರುವವರೂ ಕೊಳ್ಳುವವರೂ ‘ಎಷ್ಟು ಓಡಿದೆ?’ ಎಂದೇ ಕೇಳುತ್ತಾರೆ.

> ‘ಹಳೆಯ ಲಾರಿ’ ಎಂದರೆ ಇನ್ನೂ ಸರಳವಲ್ಲವೇ?

ಸರಳ, ಆದರೆ ತಪ್ಪು. ಮುಂಬೈ ಹೆದ್ದಾರಿಯಲ್ಲಿ ಬಿಡುವಿಲ್ಲದೆ ಓಡುವ ಮೂರು ವರ್ಷದ ಲಾರಿ, ಯಶವಂತಪುರ ಮಾರುಕಟ್ಟೆಯ ಸುತ್ತಲೇ ತಿರುಗುವ ಹತ್ತು ವರ್ಷದ ಲಾರಿಗಿಂತ ಹೆಚ್ಚು ಓಡಿರುತ್ತದೆ.

> ಅಂತರವೋ ಅವಧಿಯೋ?

ಎರಡೂ ಕುಂಟುತ್ತವೆ. ಅವಧಿ ಎಂದರೆ ಕಾಲ ಮಾತ್ರ, ಅಂತರ ಎಂದರೆ ಮೊದಲು ಹೊಳೆಯುವುದು ದೂರ. ಎಂಜಿನ್ ಆಯಿಲ್ ಬದಲಿಸುವ ಲೆಕ್ಕದಲ್ಲಿ ಕಾಲ, ದೂರ ಎರಡೂ ಇವೆ: ಇಷ್ಟು ಕಿಲೋಮೀಟರ್ ಇಲ್ಲವೇ ಇಷ್ಟು ತಿಂಗಳು, ಯಾವುದು ಮೊದಲೋ ಅದು. ನಗರದೊಳಗೆ ಓಡುವ ಗಾಡಿಗೆ ಎಂಜಿನ್ ಓಡಿದ ಗಂಟೆಗಳನ್ನೂ ನೋಡಬೇಕು. ಗೊರಗುಂಟೆಪಾಳ್ಯದ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡ ಲಾರಿಯ ಕಿಲೋಮೀಟರ್ ಮೀಟರ್ ನಿಂತಿರುತ್ತದೆ, ಎಂಜಿನ್ ನಿಂತಿರುವುದಿಲ್ಲ. ಮಸಿ ಆಯಿಲ್‌ಗೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ನಾಮಪದದ ಹಂಬಲ ಬಿಟ್ಟು ‘ಆಯಿಲ್ ಯಾವಾಗ ಬದಲಿಸಬೇಕು?’ ಎಂದು ಕೇಳಿ. ಪ್ರಶ್ನೆಯೇ ತಲೆಬರಹವಾಗಲಿ. ಆದರೆ ಕೆಳಗೆ ಎಲ್ಲ ಲಾರಿಗಳಿಗೂ ಒಂದೇ ಅಂಕಿಯನ್ನು ಬರೆಸಬೇಡಿ. ಎಂಜಿನ್, ಆಯಿಲ್‌ನ ದರ್ಜೆ, ಹೊರುವ ಭಾರ ಬದಲಾದಂತೆ ಅದು ಬದಲಾಗುತ್ತದೆ. ತಯಾರಕರ ಕೈಪಿಡಿಯ ಅಂಕಿಯೇ ಮಿತಿ. ಸವೆದ ಎಂಜಿನ್‌ಗೆ ಅದನ್ನು ಇಳಿಸಬಹುದು, ಏರಿಸುವಂತಿಲ್ಲ.

> ‘ಆಯಿಲ್ ಕಪ್ಪಾದರೆ ಬದಲಿಸಿ’ ಎಂಬ ಸಾಲು ಸೇರಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಅರ್ಥವಾಗುತ್ತದೆ, ನಿಜವಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗನೆ ಕಪ್ಪಾಗುತ್ತದೆ. ಮಸಿ ಒಂದೆಡೆ ಗಡ್ಡೆಕಟ್ಟದಂತೆ ಅದನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ, ಕಪ್ಪು ಬಣ್ಣ ಆ ಕೆಲಸದ ಗುರುತು. ಬೂದುಬಣ್ಣದ ಹಾಲಿನಂತಾದರೆ ನೀರು ಸೇರಿದೆ, ನೀರಿನಂತೆ ತೆಳುವಾದರೆ ಡೀಸೆಲ್ ಸೇರಿದೆ ಎಂಬ ಅನುಮಾನ ಬರಬೇಕು. ಬರೆಸುವುದಾದರೆ ಅದನ್ನು ಬರೆಸಿ.

> ‘ವಿಸ್ಕಾಸಿಟಿ’ಗೆ (ದ್ರವ ತನ್ನ ಹರಿವಿಗೆ ಒಡ್ಡುವ ತಡೆ) ಪಠ್ಯಪುಸ್ತಕದ ‘ಸ್ನಿಗ್ಧತೆ’ ಇರುವಾಗ ಬೇರೆ ಹುಡುಕಾಟ ಏಕೆ?

ಸ್ನಿಗ್ಧ ಎಂದರೆ ಜಿಡ್ಡುಳ್ಳದ್ದು, ಸ್ನೇಹದ ದಾಯಾದಿ. ಜೇನುತುಪ್ಪದಲ್ಲಿ ಜಿಡ್ಡೆಲ್ಲಿದೆ? ಆದರೂ ಹರಿಯಲು ಅದು ಎಣ್ಣೆಗಿಂತ ಹೆಚ್ಚು ತಡೆಯುತ್ತದೆ. ತರಗತಿಯಲ್ಲಿ ಸ್ನಿಗ್ಧತೆ ಇರಲಿ, ಗೋಡೆಯ ಮೇಲೆ ‘ಮಂದ’ ಮತ್ತು ‘ತೆಳು’ ಸಾಕು.

ಆಯಿಲ್ ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬ ಗುರುತಿನ ಡಬ್ಲ್ಯು ‘ತೂಕ’ (ವೆಯ್ಟ್) ಎಂದು ಇಲ್ಲಿ ಒಬ್ಬರು ಅಷ್ಟು ಖಚಿತವಾಗಿ ಬರೆದಿದ್ದಾರೆ. ಅಲ್ಲ, ಅದು ವಿಂಟರ್, ಅಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಂಜಿನ್ ಎಷ್ಟು ಸಲೀಸಾಗಿ ತಿರುಗೀತು ಎಂಬುದರ ಅಳತೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ಮಂದ ಎಂಬುದು. 40 ಎಂದರೆ ಮಂದತೆಯ ಅಳತೆಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್. ಹೊಗೆ ಉಗುಳುವ, ಆಯಿಲ್ ಕುಡಿಯುವ ಎಂಜಿನ್‌ಗೆ ಇನ್ನೂ ಮಂದವಾದ 20ಡಬ್ಲ್ಯು-50 ಹಾಕಿ ಸುಮ್ಮನಾಗುವ ರೂಢಿ ಇದೆ. ಕುಡಿಯುವುದು ಒಂದಿಷ್ಟು ತಗ್ಗಬಹುದು, ಸವೆದ ಪಿಸ್ಟನ್ ರಿಂಗು ಬೆಳೆಯುವುದಿಲ್ಲ. ಇನ್ನು 2020ರ ಏಪ್ರಿಲ್ ನಂತರದ ಬಿಎಸ್-6 (ಹೊಗೆಯ ಮಿತಿಯ ಮಾನದಂಡ) ಲಾರಿಗಳಿಗೆ ಉರಿದಾಗ ಕಡಿಮೆ ಬೂದಿ ಉಳಿಸುವ ಆಯಿಲ್ ಬೇಕು, ಇಲ್ಲವಾದರೆ ಹೊಗೆಯ ಸೋಸುಕಕ್ಕೆ ಬೂದಿ ಕಟ್ಟುತ್ತದೆ. ಸಿಕೆ-4 ಎಂಬ ಡೀಸೆಲ್ ಎಂಜಿನ್ ಆಯಿಲ್ ದರ್ಜೆಯಲ್ಲಿ ಬೂದಿ ಶೇ 1ನ್ನು ಮೀರುವಂತಿಲ್ಲ. ಇಂಥ ಗುರುತುಗಳನ್ನು ಡಬ್ಬಿಯ ಮೇಲಿರುವ ರೋಮನ್ ಲಿಪಿಯಲ್ಲೇ ಬರೆಸಿ. ಚಾಲಕ ಅಂಗಡಿಯಲ್ಲಿ ಡಬ್ಬಿಯೊಡನೆ ಹೊಂದಿಸಿ ನೋಡಬೇಕಲ್ಲ. ನಾಮಫಲಕದಲ್ಲಿ ಶೇ 60 ಕನ್ನಡ ಎಂಬ ನಿಯಮಕ್ಕೆ ಅದರಿಂದ ಭಂಗವೇನೂ ಬರುವುದಿಲ್ಲ.

> ತೈಲ ಸಂಸ್ಕೃತ, ಆಯಿಲ್ ಇಂಗ್ಲಿಷ್. ‘ಬಿಣಿಗೆ ಎಣ್ಣೆ’ (ಬಿಣಿಗೆ ಎಂದರೆ ಎಂಜಿನ್) ಎಂಬ ಅಚ್ಚಗನ್ನಡ ಇದ್ದೂ ಸಾಲ ಏಕೆ?

ಬಂದೇಬಿಟ್ಟಿತು. ಎಣ್ಣೆ ಎಂದರೆ ಎಳ್ಳಿನ ನೆಯ್. ತೈಲ ತಿಲದಿಂದ ಬಂದದ್ದು, ಅದೂ ಎಳ್ಳೇ. ಆಯಿಲ್ ಗ್ರೀಕರ ಆಲಿವ್‌ನಿಂದ ಇಳಿದದ್ದು. ಮೂರೂ ಯಾವುದೋ ಗಾಣದಿಂದ ಹೊರಟವು, ನೆಲದಡಿಯ ಕಚ್ಚಾ ತೈಲಕ್ಕೆ ಹುಟ್ಟಿನಿಂದ ಒಂದೂ ಸಲ್ಲುವುದಿಲ್ಲ. ವ್ಯುತ್ಪತ್ತಿಯ ತಕ್ಕಡಿಯಲ್ಲಿ ತೂಗಿದರೆ ಸೀಮೆಎಣ್ಣೆಯನ್ನೂ ಹೊರಗಿಡಬೇಕು. ನನಗೆ ಎಣ್ಣೆಯ ಮೇಲೆ ದ್ವೇಷವಿಲ್ಲ. ಆದರೆ ಹೆದ್ದಾರಿಯ ಬದಿಯಲ್ಲಿ ‘ಇಲ್ಲಿ ಎಣ್ಣೆ ಹಾಕಲಾಗುತ್ತದೆ’ ಎಂದು ಬರೆಸಿದರೆ ಗ್ಯಾರೇಜಿಗೆ ಯಾವ ಗಿರಾಕಿಗಳು ಬರುತ್ತಾರೆಂದು ಒಮ್ಮೆ ಯೋಚಿಸಿ. ‘ಕೀಲೆಣ್ಣೆ’ ಚೆಂದದ ಪದ, ಬಂಡಿಯ ಅಚ್ಚಿಗೆ ಸವರುತ್ತಿದ್ದದ್ದು. ಇಂದಿನ ಚಾಲಕನಿಗೆ ಅದು ಗ್ರೀಸ್ ಎಂದು ಕೇಳಿಸೀತು. ಬಿಣಿಗೆಯನ್ನು ಲೇಖನದಲ್ಲಿ ಬಳಸುವವರು ಬಳಸಲಿ, ಲಾರಿಗೆ ಸುರಿಯುವುದು ಬೇಡ.

ಲಾರಿ ಎಂಬ ಪದದ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ, ಗಮನಿಸಿದಿರಾ? ಡೀಸೆಲ್‌ಗೂ ಕನ್ನಡ ಪದ ಕಟ್ಟೋಣ ಎಂದವರು ಅದು ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನ ಹೆಸರೆಂಬುದನ್ನು ನೆನಪಿಡಿ. ಹೆಸರನ್ನೂ ಅನುವಾದಿಸುತ್ತೀರಾದರೆ ನಾನು ಈ ಚರ್ಚೆಯಿಂದ ಎದ್ದೆ.

ಕೇಳಿದವರಿಗೆ, ಫಲಕಕ್ಕೆ ಇಷ್ಟು:

ಬಹಳ ಓಡಿದ ಡೀಸೆಲ್ ಲಾರಿಗೆ ಆಯಿಲ್ ಯಾವಾಗ ಬದಲಿಸಬೇಕು?
ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಆಗ.
ಮಟ್ಟ ಇಳಿದಾಗ ತುಂಬಿಸುವುದು ಬದಲಿಸಿದಂತಲ್ಲ.
ಆಯಿಲ್ ಜೊತೆಗೆ ಫಿಲ್ಟರನ್ನೂ ಬದಲಿಸಿ.

ಬರೆಯುವವನು ‘ಫಿಲ್ಟರನ್ನೂ’ ಪದದ ದೀರ್ಘವನ್ನು ನುಂಗಿಬಿಟ್ಟಾನು, ನೋಡಿಕೊಳ್ಳಿ. ಆಗ ‘ಅದನ್ನು ಕೂಡ’ ಎಂಬ ಅರ್ಥ ಹೋಗುತ್ತದೆ.