ಅಕ್ಕನ ಕಿನೋವಾಗೆ ದ್ರಾಕ್ಷಿ ಯಾವಾಗ ಹಾಕಬೇಕು?

ಹೂಸ್ಟನ್ ಅಕ್ಕ: ಗುರುವಾರ ಇಲ್ಲಿ ಅಮೆರಿಕದ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಗೆಳತಿಯ ಮನೆಗೆ ಊಟಕ್ಕೆ ಕರೆದಿದ್ದಾರೆ. ಒಬ್ಬೊಬ್ಬರು ಒಂದೊಂದು ಅಡುಗೆ ಒಯ್ಯಬೇಕು. ನಾನು ಬಾದಾಮಿ, ಪಿಸ್ತಾ, ಒಣ ದ್ರಾಕ್ಷಿ, ಒಣ ಏಪ್ರಿಕಾಟ್ ಹಾಕಿ ಕಿನೋವಾ ಅನ್ನುವ ಕಾಳಿನ ಅಡುಗೆ ಮಾಡುತ್ತೇನೆ. ವಿಧಾನದ ಫೋಟೋ ಹಾಕಿದ್ದೇನೆ, ನೋಡಿ ಹೇಳಿ.

ಮೈಸೂರು ದೊಡ್ಡಮ್ಮ: ಅದ್ಯಾಕಮ್ಮ? ನಮ್ಮ ನವಣೆ ಇಲ್ವಾ? 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷ ಅಂತ ಆಚರಿಸಿತು. ನೀವು ನೋಡಿದರೆ ಇನ್ಯಾವುದಕ್ಕೋ ದುಡ್ಡು ಸುರಿಯುತ್ತೀರಿ.

ನಾನು: ದೊಡ್ಡಮ್ಮ, 2013 ಕಿನೋವಾ ವರ್ಷ ಆಗಿತ್ತು. ಅದನ್ನೂ ವಿಶ್ವಸಂಸ್ಥೆಯೇ ಆಚರಿಸಿದ್ದು. ಪೆರು, ಬೊಲಿವಿಯಾದ ಬೆಟ್ಟದ ರೈತರು ಸಾವಿರಾರು ವರ್ಷದಿಂದ ಬೆಳೆದು ಉಳಿಸಿಕೊಂಡ ಕಾಳು ಅದು. ನಮಗೆ ರಾಗಿ ಹೇಗೋ ಅವರಿಗೆ ಅದು ಹಾಗೆ. ನಮ್ಮ ದಂಟಿನ ಸೊಪ್ಪಿನ ಕುಟುಂಬದ ಗಿಡವೇ.

ಶಿವಮೊಗ್ಗ ಚಿಕ್ಕಪ್ಪ: ಮಾಂಸಕ್ಕಿಂತ ಜಾಸ್ತಿ ಪ್ರೋಟೀನ್ ಇದೆಯಂತೆ. ಈಗಷ್ಟೇ ಒಂದು ಮೆಸೇಜ್ ಬಂತು, ಇಲ್ಲಿಗೂ ಕಳಿಸುತ್ತೇನೆ.

ನಾನು: ಚಿಕ್ಕಪ್ಪ, ಅದನ್ನು ದಯವಿಟ್ಟು ಹಂಚಬೇಡಿ. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 14 ಗ್ರಾಂ ಪ್ರೋಟೀನ್ ಇದೆ. ಬೆಂದ ಮೇಲೆ ಅದು ನೀರು ಕುಡಿದು ಉಬ್ಬುತ್ತದೆ. ಆಗ 100 ಗ್ರಾಂ ತಿಂದರೆ ಸಿಗುವುದು 4 ಗ್ರಾಂ ಚಿಲ್ಲರೆ. ಒಳ್ಳೆಯ ಕಾಳು, ನಿಜ. ಅದಕ್ಕೆ ಸುಳ್ಳು ಯಾಕೆ ಬೇಕು?

ಅಕ್ಕಾ, ನೀನು ಹಾಕಿದ ಫೋಟೋ ಪೂರ್ತಿ ಓದಿದೆಯಾ? ನೀರಿನ ಬದಲು ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿದ ನೀರು, ಅಂತ ಬರೆದಿದ್ದಾರೆ.

ಹೂಸ್ಟನ್ ಅಕ್ಕ: ಅಯ್ಯೋ! ಕಾಳು, ಹಣ್ಣು ನೋಡಿ ಸಸ್ಯಾಹಾರ ಅಂದುಕೊಂಡೆ. ತರಕಾರಿ ಬೇಯಿಸಿದ ನೀರೇ ಹಾಕುತ್ತೇನೆ. ಇನ್ನೊಂದು ಭಯ ಇದೆ. ಹೋದ ವರ್ಷ ಮಾಡಿದ್ದು ಕಹಿಯಾಗಿ, ಯಾರೂ ಎರಡನೇ ತುತ್ತು ತಿನ್ನಲಿಲ್ಲ. ಪಾತ್ರೆ ಹಾಗೇ ವಾಪಸ್ ತಂದೆ. ತುಂಬಾ ಬೇಜಾರಾಗಿತ್ತು.

ನಾನು: ತೊಳೆದಿದ್ದೆಯಾ?

ಹೂಸ್ಟನ್ ಅಕ್ಕ: ಒಂದು ಸಲ ನೀರು ಹಾಕಿ ಬಸಿದೆ.

ನಾನು: ಅದು ಸಾಲದು. ಕಾಳಿನ ಮೇಲೆ ಸಪೋನಿನ್ ಅನ್ನುವ ಕಹಿ ಲೇಪ ಇರುತ್ತದೆ. ದೊಡ್ಡಮ್ಮ, ನಿಮ್ಮ ಅಂಟುವಾಳಕಾಯಿ ನೊರೆ ಬರುವುದೂ ಸಪೋನಿನ್‌ನಿಂದಲೇ. ಸಣ್ಣ ಕಣ್ಣಿನ ಜಾಲರಿಗೆ ಹಾಕಿ, ನಲ್ಲಿ ಕೆಳಗೆ ಹಿಡಿದು, ಕೈಯಲ್ಲಿ ಚೆನ್ನಾಗಿ ಉಜ್ಜು. ನೊರೆ ನಿಲ್ಲುವ ತನಕ ಬಿಡಬೇಡ. ಪ್ಯಾಕೆಟ್ ಮೇಲೆ ತೊಳೆದದ್ದು ಅಂತ ಇದ್ದರೂ ತೊಳೆ.

ಮೈಸೂರು ದೊಡ್ಡಮ್ಮ: ಅಂಟುವಾಳವಾ! ಹಾಗಿದ್ದರೆ ಐದಾರು ನೀರಾದರೂ ಬೇಕಮ್ಮ. ಕೊನೆಯ ನೀರು ನಾಲಿಗೆಗೆ ಮುಟ್ಟಿಸಿ ನೋಡು, ಕಹಿ ಇರಬಾರದು. ಆಮೇಲೆ ತುಪ್ಪದಲ್ಲಿ ಚಕ್ಕೆ, ಲವಂಗ, ಜೀರಿಗೆ ಹಾಕಿ ಘಮ ಬರುವಂತೆ ಹುರಿ. ಉದುರುದುರಾಗಿ ಬರುತ್ತದೆ.

ನಾನು: ಒಂದು ಲೋಟಕ್ಕೆ ಎರಡು ಲೋಟ ನೀರು. ಸಣ್ಣ ಉರಿ, ಮುಚ್ಚಳ, 15 ನಿಮಿಷ. ಕಾಳಿನ ಸುತ್ತ ಬಿಳಿ ದಾರದಂಥ ಬಾಲ ಬಿಚ್ಚಿಕೊಂಡರೆ ಬೆಂದಿದೆ ಅಂತ. ಒಲೆ ಆರಿಸಿ ದ್ರಾಕ್ಷಿ, ಏಪ್ರಿಕಾಟ್ ಹಾಕಿ ಐದು ನಿಮಿಷ ಮುಚ್ಚಿಡು.

ಶಿವಮೊಗ್ಗ ಚಿಕ್ಕಪ್ಪ: ಇಲ್ಲ, ಇದನ್ನು ಒಪ್ಪುವುದಿಲ್ಲ. ದ್ರಾಕ್ಷಿ ಮೊದಲೇ ಹಾಕಬೇಕು. ಸಿಹಿ ಕಾಳಿಗೆ ಇಳಿಯಬೇಕಲ್ವಾ? ನಿಮ್ಮ ಅಜ್ಜಿ ಕೇಸರಿಬಾತಿಗೆ ಹಾಗೇ ಹಾಕುತ್ತಿದ್ದರು.

ನಾನು: ಕೇಸರಿಬಾತು ಮೊದಲೇ ಸಿಹಿ ಚಿಕ್ಕಪ್ಪ. ಇದು ಉಪ್ಪಿನ ಅಡುಗೆ. 15 ನಿಮಿಷ ಬೆಂದ ದ್ರಾಕ್ಷಿ ನೀರು ತುಂಬಿಕೊಂಡು ಸಪ್ಪೆಯಾಗುತ್ತದೆ. ಕಚ್ಚಿದಾಗ ಒಂದು ಕಡೆ ಸಿಹಿ, ಇನ್ನೊಂದು ಕಡೆ ಹುಳಿ ಸಿಗಬೇಕು. ಆ ರುಚಿಗೋಸ್ಕರವೇ ಅಲ್ವಾ ಹಣ್ಣು ಹಾಕುವುದು? ಬಾದಾಮಿ, ಪಿಸ್ತಾ ಅಂತೂ ಹುರಿದು ಬೇರೆ ಡಬ್ಬಿಯಲ್ಲಿ ಒಯ್ಯಬೇಕು. ಬಿಸಿಯ ಜೊತೆ ಇಟ್ಟರೆ ಹೋಗುವಷ್ಟರಲ್ಲಿ ಮೆತ್ತಗಾಗುತ್ತದೆ. ಮತ್ತೆ ಅಕ್ಕಾ, ಅಲ್ಲಿ ಬಾದಾಮಿ, ಪಿಸ್ತಾದಂಥ ಬೀಜಗಳ ಅಲರ್ಜಿ ಇರುವವರು ಇರಬಹುದು. ಮೊದಲೇ ಕೇಳು. ಕೆಲವರಿಗೆ ಒಂದು ಚೂರು ತಾಗಿದರೂ ಪ್ರಾಣಕ್ಕೆ ಬರುತ್ತದೆ.

ಹೂಸ್ಟನ್ ಅಕ್ಕ: ಗೆಳತಿಯನ್ನು ಕೇಳಿದೆ. ಅವಳ ಅಣ್ಣನ ಮಗನಿಗೆ ಅಲರ್ಜಿ ಇದೆಯಂತೆ! ಬಾದಾಮಿ, ಪಿಸ್ತಾ ಎರಡೂ ಬೇಡ. ಅವನು ಸೂರ್ಯಕಾಂತಿ ಬೀಜ ತಿನ್ನುತ್ತಾನಂತೆ, ಅದನ್ನೇ ಹುರಿದು ಹಾಕುತ್ತೇನೆ.

ಶಿವಮೊಗ್ಗ ಚಿಕ್ಕಪ್ಪ: ಅದು ಸರಿ. ದ್ರಾಕ್ಷಿ ಮಾತ್ರ ಮೊದಲೇ ಹಾಕು.

ಮೈಸೂರು ದೊಡ್ಡಮ್ಮ: ಬೇಡ, ಕೊನೆಗೇ ಹಾಕಲಿ. ಇನ್ನೊಂದು ಸಲ ಇದೇ ವಿಧಾನದಲ್ಲಿ ನವಣೆ ಮಾಡಿ ಅವರಿಗೆ ತಿನ್ನಿಸು ಪುಟ್ಟಿ. ಮೊದಲು ಹೋಗಿ ಆ ಕಾಳು ತೊಳಿ, ನೊರೆ ಹೋಯಿತಾ ಅಂತ ವೀಡಿಯೋ ಕಾಲ್‌ನಲ್ಲಿ ನಾನೇ ನೋಡುತ್ತೇನೆ.