ಗಾಡಿಯಲ್ಲಿ ಎರಡು ಸಬ್ (ಬಾಸ್ ಸ್ಪೀಕರ್) ಒಟ್ಟಿಗೆ ಹಾಕಿದ್ರೆ ಆಂಪ್ ಪ್ರೊಟೆಕ್ಟ್‌ಗೆ ಹೋಗ್ತಿದೆ (ತಾನೇ ಬಂದ್ ಆಗ್ತಿದೆ), ಒಂದೊಂದೇ ಆದ್ರೆ ಸರಿ

ಹಾಸನ_ಹನ್ನೆರಡಿಂಚು
ಮೂರು ಭಾನುವಾರ ಇದಕ್ಕೇ ಹೋಯ್ತು. ಮೋನೋ (ಒಂದೇ ಚಾನೆಲ್) ಆಂಪ್, 2 ಓಮ್‌ವರೆಗೆ ತಡೆಯುತ್ತೆ ಅಂತ ಅದರ ಪುಸ್ತಕದಲ್ಲೇ ಇದೆ. 12 ಇಂಚಿನ ಸಬ್ ಎರಡು, 4 ಓಮ್. ಕರೆಂಟಿಗೆ 4 ಗೇಜ್ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ವಾಲ್ಯೂಮ್ 18 ದಾಟಿತೋ ಇಲ್ಲವೋ ಕೆಂಪು ಲೈಟ್, ಬಾಸ್ ಬಂದ್. ಯಾವುದಾದ್ರೂ ಒಂದು ಸಬ್ ಬಿಚ್ಚಿದ್ರೆ 30ರವರೆಗೂ ಆರಾಮಾಗಿ ಹೊಡೆಯುತ್ತೆ. ಅದಲು ಬದಲು ಮಾಡಿ ನೋಡಿದೆ, ಎರಡೂ ಸಬ್ ಚೆನ್ನಾಗಿವೆ. ಫಿಟ್ ಮಾಡಿದವರು ಬೇರೆ ಆಂಪ್ ತಗೊಳ್ಳಿ ಅಂತಿದ್ದಾರೆ. ದುಡ್ಡು ಹಾಕೋಕೆ ಮುಂಚೆ ಕೇಳೋಣ ಅಂತ.

ಘಾಟಿ_ಬಾಸ್
ಅರ್ಥಿಂಗ್. ಒಂದು ಸಬ್ಬಿಗೆ ಎಳೆಯೋ ಕರೆಂಟ್ ಕಮ್ಮಿ, ಅದಕ್ಕೆ ನಡೆಯುತ್ತೆ. ಎರಡಾದಾಗ ಕೆಟ್ಟ ಅರ್ಥ್ ಕೈ ಕೊಡುತ್ತೆ. ಸಕಲೇಶಪುರ, ಮೂಡಿಗೆರೆ ಕಡೆ ಓಡೋ ಗಾಡಿ ಆದ್ರಂತೂ ಮಳೆಗಾಲದಲ್ಲಿ ಮ್ಯಾಟ್ ಕೆಳಗೆ ತೇವ ನಿಂತು ಬೋಲ್ಟ್ ತುಕ್ಕು ಹಿಡಿದಿರುತ್ತೆ. ಪೇಂಟ್ ಪೂರ್ತಿ ಕೆರೆದು ಬೆಳ್ಳಗೆ ಹೊಳೆಯೋ ತಗಡು ಕಾಣಬೇಕು. ರಿಂಗ್ ಲಗ್, ಹಲ್ಲಿನ ವಾಷರ್, ನಟ್ಟು ಬಿಗಿ, ಆಮೇಲೆ ಮೇಲಿಂದ ಗ್ರೀಸ್. ಅರ್ಥ್ ವೈರ್ 45 ಸೆಂಟಿಮೀಟರ್ ಮೀರಬಾರದು.

ಹಾಸನ_ಹನ್ನೆರಡಿಂಚು
ಎಲ್ಲಾ ಮಾಡಿದೆ ಸರ್. ಅದೇ 18, ಅದೇ ಕೆಂಪು ಲೈಟ್.

ಘಾಟಿ_ಬಾಸ್
ಹಾಗಾದ್ರೆ ಬ್ಯಾಟರಿ ಮೈನಸ್‌ನಿಂದ ಬಾಡಿಗೆ ಹೋಗೋ ಕಂಪನಿ ವೈರ್ ಸಣ್ಣದು. ಅದನ್ನೂ 4 ಗೇಜ್ ಮಾಡಿ. ನಿಮ್ಮ ವೈರ್ ತಾಮ್ರವೋ, ಸಿಸಿಎಯೋ?

ಕಾಫಿನಾಡು_ಕಾಪರ್
ಒಂದು ಎಳೆಯನ್ನ ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬಿಳಿ ಬಂದ್ರೆ ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ್ದು. ಅಂಥದ್ದನ್ನ ಗಾಡಿಗೆ ಹಾಕಲೇಬಾರದು.

ಘಾಟಿ_ಬಾಸ್
ಹಾಕಲೇಬಾರದು ಅಂತೇನಿಲ್ಲ, ಒಂದು ಸೈಜ್ ದಪ್ಪ ಹಾಕಿದ್ರೆ ಸಾಕು.

ಕಾಫಿನಾಡು_ಕಾಪರ್
ದಪ್ಪ ಹಾಕಿದ್ರೂ ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ಅಮುಕಿಕೊಂಡು ಸಡಿಲ ಆಗುತ್ತೆ. ಚಾರ್ಮಾಡಿ ಘಾಟಿ ನಾಲ್ಕು ಸಲ ಹತ್ತಿಳಿದ ಮೇಲೆ ಸ್ಕ್ರೂ ತಿರುಗಿಸಿ ನೋಡಿ, ಗೊತ್ತಾಗುತ್ತೆ.

ಓಮ್_ಲೆಕ್ಕ
ವೈರಿನ ಜಗಳ ಆಮೇಲೆ ಆಡೋಣ. 4 ಗೇಜ್ ತಾಮ್ರ 5 ಮೀಟರಿನಲ್ಲಿ 60 ಆಂಪಿಯರ್ ಹರಿದ್ರೆ ಸುಮಾರು ಕಾಲು ವೋಲ್ಟ್ ಬೀಳುತ್ತೆ, ಸಿಸಿಎ ಆದ್ರೆ 0.4 ಹತ್ತಿರ. ಅಷ್ಟಕ್ಕೆಲ್ಲ ಪ್ರೊಟೆಕ್ಟ್ ಬರಲ್ಲ. ಎರಡು ವಿಷಯ ಹೇಳಿ. ಇಂಜಿನ್ ಆನ್ ಇಟ್ಟು ವಾಲ್ಯೂಮ್ 17ರಲ್ಲಿ ಆಂಪಿನ ಪ್ಲಸ್ ಮತ್ತು ಅರ್ಥ್ ಸ್ಕ್ರೂ ಮೇಲೇ ಮೀಟರ್ ಇಟ್ರೆ ಎಷ್ಟು ವೋಲ್ಟ್? ಸಬ್ಬಿನ ಮೇಲೆ ಟರ್ಮಿನಲ್ ಎರಡಿದೆಯೋ, ನಾಲ್ಕಿದೆಯೋ?

ಹಾಸನ_ಹನ್ನೆರಡಿಂಚು
14.1 ಇರುತ್ತೆ, ಬಾಸ್ ಬಿದ್ದಾಗ 13.5. ಟರ್ಮಿನಲ್ ನಾಲ್ಕು, ಡ್ಯುಯಲ್ ಕಾಯಿಲ್ (ಒಂದು ಸಬ್ಬಿನಲ್ಲೇ ಎರಡು ಕಾಯಿಲ್), ಒಂದೊಂದು ಕಾಯಿಲ್ 4 ಓಮ್. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದೀನಿ, ಅಂದ್ರೆ ಪ್ಯಾರಲಲ್. ಆಂಪಿನಲ್ಲಿ ಸ್ಪೀಕರ್ ಪಾಯಿಂಟ್ ಎರಡು ಜೊತೆ ಇದೆಯಲ್ಲ, ಒಂದೊಂದಕ್ಕೆ ಒಂದೊಂದು ಸಬ್. ಅಲ್ಲಿಗೆ ಪಾಯಿಂಟಿಗೆ 2 ಓಮ್, ಸರಿಯಾಗೇ ಇದೆ.

ಓಮ್_ಲೆಕ್ಕ
ತಪ್ಪಿರೋದು ಅಲ್ಲೇ. ಮೋನೋ ಆಂಪಿನ ಆ ಎರಡು ಜೊತೆ ಪಾಯಿಂಟ್ ಒಳಗೆ ಒಂದೇ. ವೈರ್ ಹಾಕೋಕೆ ಅನುಕೂಲ ಆಗಲಿ ಅಂತ ಎರಡು ಕೊಟ್ಟಿರ್ತಾರೆ ಅಷ್ಟೆ. ಆಂಪ್ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ಎರಡು ಪ್ಲಸ್ ನಡುವೆ ಮೀಟರ್ ಬೀಪ್ ಇಡಿ, ಕೂಗುತ್ತೆ. ನಿಮ್ಮ ಒಂದು ಸಬ್ 2 ಓಮ್, ಎರಡು ಸೇರಿ 1 ಓಮ್. ಆಂಪ್ ತಡೆಯೋದು 2ರವರೆಗೆ, ಓಮ್ ಕಮ್ಮಿ ಆದಷ್ಟೂ ಕರೆಂಟ್ ಜಾಸ್ತಿ. ವಾಲ್ಯೂಮ್ ಏರಿದಾಗ ಔಟ್‌ಪುಟ್‌ನಲ್ಲಿ ಕರೆಂಟ್ ಮಿತಿ ಮೀರುತ್ತೆ, ಆಂಪ್ ತನ್ನನ್ನ ಉಳಿಸಿಕೊಳ್ಳುತ್ತೆ. ಆಂಪ್ ಕೆಟ್ಟಿಲ್ಲ.

ಘಾಟಿ_ಬಾಸ್
0.6 ವೋಲ್ಟ್ ಬಿದ್ದಿದೆಯಲ್ಲ, ಅರ್ಥ್ ಇನ್ನೊಂದು ಸಲ ನೋಡೋದು ಒಳ್ಳೇದು.

ಓಮ್_ಲೆಕ್ಕ
13.5 ಅಂದ್ರೆ ತುಂಬಾ ಚೆನ್ನಾಗಿದೆ. ವೋಲ್ಟೇಜ್ ಕಮ್ಮಿ ಅಂತ ಕಟ್ ಆಗೋದು ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿ.

ಡ್ಯುಯಲ್ 4 ಓಮ್ ಸಬ್ ಎರಡಿದ್ರೆ ಸಮನಾಗಿ ಹಂಚಿ 2 ಓಮ್ ತರೋಕೆ ದಾರಿಯೇ ಇಲ್ಲ. 1, 4, ಇಲ್ಲಾ 16. ನಿಮಗೆ 4. ಪ್ರತಿ ಸಬ್ಬಿನಲ್ಲೂ ಮೊದಲ ಕಾಯಿಲಿನ ಮೈನಸ್ ಅನ್ನ ಎರಡನೇ ಕಾಯಿಲಿನ ಪ್ಲಸ್‌ಗೆ ಒಂದು ತುಂಡು ವೈರಲ್ಲಿ ಸೇರಿಸಿ, ಅಂದ್ರೆ ಸೀರೀಸ್. ಉಳಿದ ಪ್ಲಸ್ ಮತ್ತು ಮೈನಸ್ ಹೊರಗೆ ತನ್ನಿ. ಸಬ್ ಒಂದಕ್ಕೆ 8 ಓಮ್ ಆಯ್ತು. ಆಂಪಿನ ಆ ಎರಡು ಜೊತೆ ಪಾಯಿಂಟಿಗೆ ಹಾಕಿದ್ರೆ 4. ಆಂಪಿಗೆ ಸೇರಿಸೋ ಮುಂಚೆ ಎರಡು ಸಬ್ಬಿನ ವೈರೂ ಜೊತೆ ಮಾಡಿ ಅಳೆಯಿರಿ. ಮೀಟರ್ 4 ತೋರಿಸಲ್ಲ, ಅದು ಅಳೆಯೋದು ಡಿಸಿ ರೆಸಿಸ್ಟೆನ್ಸ್. 3.3ರಿಂದ 3.8 ಬಂದ್ರೆ ಸರಿ.

ಕಾಫಿನಾಡು_ಕಾಪರ್
ಕಾಯಿಲ್ ಪ್ಯಾರಲಲ್ ಇಟ್ಟು ಎರಡು ಸಬ್ಬನ್ನ ಸೀರೀಸ್ ಮಾಡಿದ್ರೂ 4 ಬರುತ್ತಲ್ಲ?

ಓಮ್_ಲೆಕ್ಕ
ಬರುತ್ತೆ. ಆದ್ರೆ ಹಾಗೆ ಮಾಡಿದಾಗ ಒಂದು ಸಬ್ಬಿನ ವೈರ್ ಕಳಚಿದ್ರೆ ಎರಡೂ ನಿಲ್ಲುತ್ತೆ. ನಾನು ಹೇಳಿದ ಥರದಲ್ಲಿ ಇನ್ನೊಂದು ಹೊಡೀತಾನೇ ಇರುತ್ತೆ, ಯಾವುದು ಹೋಗಿದೆ ಅಂತಾನೂ ಗೊತ್ತಾಗುತ್ತೆ.

ಬೇಲೂರು_ಬೊಲೆರೊ
ನನ್ನದು 15 ಇಂಚು ಎರಡು, ಡ್ಯುಯಲ್ 2 ಓಮ್. ಕಾಯಿಲ್ ಸೀರೀಸ್, ಸಬ್ ಪ್ಯಾರಲಲ್, ನೇರ 2 ಓಮ್. 1/0 ಗೇಜ್ ತಾಮ್ರ, ಹಿಂದೆ ಎರಡನೇ ಬ್ಯಾಟರಿ, ಬಾಕ್ಸ್ 18 ಎಂಎಂ ಪ್ಲೈವುಡ್, ಪೋರ್ಟ್ 32 ಹರ್ಟ್ಜ್‌ಗೆ. ಫೋಟೋ ಬೇಕಾದ್ರೆ ಹಾಕ್ತೀನಿ.

ಘಾಟಿ_ಬಾಸ್
ಹಾಕಿ ಅಣ್ಣ. ಎರಡನೇ ಬ್ಯಾಟರಿ ಅರ್ಥ್ ಎಲ್ಲಿಗೆ ಕೊಟ್ಟಿದೀರ ಅದನ್ನೂ ತೋರಿಸಿ.

ಹಾಸನ_ಹನ್ನೆರಡಿಂಚು
ಹಳೇ ವೈರಿಂಗಲ್ಲಿ ಮೀಟರ್ 0.9 ತೋರಿಸ್ತು. ಬದಲಾಯಿಸಿದ ಮೇಲೆ 3.6. ವಾಲ್ಯೂಮ್ 30ರಲ್ಲಿ ಮುಕ್ಕಾಲು ಗಂಟೆ ಹೊಡೆದ್ರೂ ಲೈಟ್ ಬರಲಿಲ್ಲ, ಆಂಪ್ ಬರೀ ಬೆಚ್ಚಗಿದೆ. ಆದ್ರೆ ಬಾಸ್ ಒಂದೇ ಸಬ್ಬಿಗಿಂತ ಪೀಚಲು! 4 ಓಮಿಗೆ ಪವರ್ ಇಷ್ಟೊಂದು ಬೀಳುತ್ತಾ?

ಓಮ್_ಲೆಕ್ಕ
ಪವರ್ ಹೆಚ್ಚುಕಮ್ಮಿ ಅರ್ಧ ಆಗುತ್ತೆ, ಆದ್ರೆ ಕಿವಿಗೆ ಅಷ್ಟು ಗೊತ್ತಾಗಲ್ಲ. ಅರ್ಧ ಪವರ್ ಅಂದ್ರೆ 3 ಡೆಸಿಬೆಲ್. ಒಂದು ಸಬ್ ಉಲ್ಟಾ ಇದೆ, ಒಂದು ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗಿ ಬಾಸ್ ಕಮ್ಮಿ ಆಗ್ತಿದೆ. ವೈರ್‌ಗಳನ್ನ ಆಂಪಿನಿಂದ ಬಿಚ್ಚಿ, 1.5 ವೋಲ್ಟಿನ ಪೆನ್ಸಿಲ್ ಸೆಲ್ ಪ್ಲಸ್‌ಗೆ ಪ್ಲಸ್ ಮುಟ್ಟಿಸಿ ತೆಗೆಯಿರಿ. ಬೆರಳು ಕೋನ್ ಮೇಲೆ ಮೆತ್ತಗೆ ಇಟ್ಟಿರಿ. ಎರಡೂ ಹೊರಗೇ ಬರಬೇಕು. ಕದಲದೇ ಇದ್ರೆ ಆ ಸಬ್ಬಿನ ಒಳಗಿನ ಸೀರೀಸ್ ತಪ್ಪಿದೆ, ಎರಡು ಕಾಯಿಲ್ ಒಂದನ್ನೊಂದು ತಳ್ತಿವೆ.

ಹಾಸನ_ಹನ್ನೆರಡಿಂಚು
ಬಲಗಡೆದು ಒಳಗೆ ಹೋಯ್ತು. ಬಾಕ್ಸ್ ಹಿಂದಿನ ಟರ್ಮಿನಲ್ಲಿಗೆ ಕೆಂಪು ಕಪ್ಪು ತಿರುಗಿಸಿ ಹಾಕಿದ್ದೆ. ಸರಿ ಮಾಡಿದೆ. ಈಗ ಡಿಕ್ಕಿ ನಂಬರ್ ಪ್ಲೇಟ್ ಅದುರ್ತಿದೆ.

ಓಮ್_ಲೆಕ್ಕ
ಪ್ಲೇಟ್ ಹಿಂದೆ ಫೋಮ್ ಟೇಪ್ ಹಾಕಿ. ಗೇನ್ (ಆಂಪಿಗೆ ಬರೋ ಸಿಗ್ನಲ್ ಹೊಂದಿಸೋ ನಾಬ್) ಹೊಸದಾಗಿ ಸೆಟ್ ಮಾಡಿ: ಸಬ್ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ, 40 ಹರ್ಟ್ಜ್ ಟೋನ್, ವಾಲ್ಯೂಮ್ ಮುಕ್ಕಾಲು. 4 ಓಮಿಗೆ 600 ವಾಟ್ ಆದ್ರೆ ಔಟ್‌ಪುಟ್‌ನಲ್ಲಿ 49 ವೋಲ್ಟ್ ಎಸಿ ಬಂದಾಗ ನಿಲ್ಲಿಸಿ.

ಕಡೂರು_ಫೋರ್‌ಚಾನೆಲ್
ನಂದು 4 ಚಾನೆಲ್ ಆಂಪ್. ಹಿಂದಿನ ಎರಡು ಚಾನೆಲ್ ಬ್ರಿಡ್ಜ್ ಮಾಡಿ (ಎರಡನ್ನೂ ಸೇರಿಸಿ ಒಂದಾಗಿಸಿ) ಎರಡು ಸಬ್ ಹಾಕಬಹುದಾ?

ಓಮ್_ಲೆಕ್ಕ
ಬ್ರಿಡ್ಜ್ ಮಾಡಿದಾಗ 4 ಓಮ್ ಹಾಕಿದ್ರೆ ಒಂದೊಂದು ಚಾನೆಲ್ಲಿಗೂ 2 ಓಮ್ ಕಾಣುತ್ತೆ, ಅದಕ್ಕಿಂತ ಕೆಳಗೆ ಬೇಡ. ನಿಮ್ಮ ಸಬ್ಬಿನ ಮೇಲೆ ಟರ್ಮಿನಲ್ ಎಷ್ಟು?