ಕಾಣದ ಕಾಯಿಲೆಯನ್ನು ಚಿತ್ರದಲ್ಲಿ ಹೇಗೆ ತೋರಿಸೋದು? ನಿಮ್ಮ ಅನುಭವ ಹೇಳಿ

ನನಗೆ ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋವು, ಸುಸ್ತು ಇರೋ ಕಾಯಿಲೆ) ಅಂತ ಗೊತ್ತಾಗಿ ಮೂರು ವರ್ಷ. ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಾಗೇ ಇವೆ. ನೋಡಿದವರು "ಚೆನ್ನಾಗೇ ಇದ್ದೀಯಲ್ಲ" ಅಂತಾರೆ. ಚಿತ್ರ ಬರೆಯೋಣ ಅಂತ ಕೂತರೆ ಅಳುವ ಮುಖ, ಮುಳ್ಳುತಂತಿ ಇಷ್ಟೇ ಬರುತ್ತೆ. ನನಗೇ ಸುಳ್ಳು ಅನ್ನಿಸುತ್ತೆ. ನೀವೆಲ್ಲ ಹೇಗೆ ಮಾಡಿದಿರಿ?

— ನನಗೂ ಇದೇ ಕಾಯಿಲೆ, ಒಂಬತ್ತು ವರ್ಷದಿಂದ. ಮುಳ್ಳುತಂತಿ ನಾನೂ ಬೇಕಾದಷ್ಟು ಬರೆದಿದ್ದೀನಿ, ನಗಬೇಡಿ. ನೋವು ಎಲ್ಲೆಲ್ಲಿದೆ ಗುರುತು ಮಾಡಿ ಅಂತ ಡಾಕ್ಟರು ಮನುಷ್ಯನ ಗೆರೆಚಿತ್ರ ಕೊಡ್ತಾರಲ್ಲ, ಕೊನೆಗೆ ಅದನ್ನೇ ಹಿಡಿದೆ. ದಿನಕ್ಕೊಂದು, ಅಂಗೈಯಗಲದ ಕಾಗದ. ಉರಿಗೆ ಒಂದು ಬಣ್ಣ, ಬಿಗಿತಕ್ಕೆ ಇನ್ನೊಂದು. ಏಳಲಾಗದ ದಿನ ತಾರೀಖು ಮಾತ್ರ. ಎರಡು ತಿಂಗಳಾದ ಮೇಲೆ ಎಲ್ಲವನ್ನೂ ಗೋಡೆಗೆ ಅಂಟಿಸಿದೆ. ಅಕ್ಕ ಬಂದವಳು ಬಣ್ಣದ ಹಾಳೆಗಳ ಮೇಲೆ ಸುಮ್ಮನೆ ಕಣ್ಣಾಡಿಸಿದಳು, ತಾರೀಖಷ್ಟೇ ಇದ್ದ ಹನ್ನೊಂದನ್ನು ಒಂದೊಂದಾಗಿ ಓದಿದಳು. ಒಂದರ ಹತ್ತಿರ ನಿಂತು, "ನೀನು ಫೋನ್ ಎತ್ತಲಿಲ್ಲ ಅಂತ ನಾನು ಕೂಗಾಡಿದ್ದು ಈ ದಿನಾನೇ ಅಲ್ವಾ?" ಅಂದಳು. ಒಂಬತ್ತು ವರ್ಷ ಬಾಯಲ್ಲಿ ಹೇಳಿ ಹೇಳಿ ಸೋತಿದ್ದೆ.

— ನನ್ನದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯೋ ಕಾಯಿಲೆ. ಏನು ಬರೆಯೋದು ಅನ್ನೋದಕ್ಕಿಂತ ಯಾವುದರಲ್ಲಿ ಬರೆಯೋದು ಅನ್ನೋದೇ ನನಗೆ ದೊಡ್ಡದು. ಬಾಲ್‌ಪೆನ್ ಒತ್ತಬೇಕು, ಬ್ರಷ್ ಪೆನ್ನಿಗೆ ಒತ್ತಡ ಬೇಡ. ಬ್ರಷ್ಷಿನ ಹಿಡಿಗೆ ಸ್ಪಂಜು ಸುತ್ತಿಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಡಿ, ಅದರಲ್ಲೂ ಮೈ ಹಗುರವಾಗಿರೋ ದಿನ. ಹುರುಪಲ್ಲಿ ನಾಲ್ಕು ಗಂಟೆ ಕೂತು ನಾಲ್ಕು ದಿನ ಮಲಗಿದವನು ನಾನು. ಚಿತ್ರಕಾರ ಪೌಲ್ ಕ್ಲೇ 1935ರಲ್ಲಿ ಕಾಯಿಲೆ ಬಿದ್ದ. ಸ್ಕ್ಲೆರೋಡರ್ಮಾ (ಚರ್ಮ ಗಟ್ಟಿಯಾಗೋ ಕಾಯಿಲೆ) ಇದ್ದಿರಬೇಕು ಅಂತ ಅವನು ಹೋದಮೇಲೆ ಹೇಳಿದರು. 1936ರಲ್ಲಿ ಅವನು ಬರೆದ ಚಿತ್ರ ಸುಮಾರು 25, 1939ರಲ್ಲಿ 1200ಕ್ಕೂ ಹೆಚ್ಚು. ಆಗಿನ ಗೆರೆಗಳು ದಪ್ಪ, ಕಪ್ಪು, ಕೆಲವೇ ಕೆಲವು. (ನೋಡಿ ಆ 1200ರ ಆಸೆಗೆ ಬೀಳಬೇಡಿ. ಆ 25 ನೆನಪಿರಲಿ.)

— ಇಂಥ ಮಾತು ಬಂದರೆ ಎಲ್ಲರೂ ಮೆಕ್ಸಿಕೋದ ಚಿತ್ರಕಾರ್ತಿ ಫ್ರೀಡಾ ಕಾಹ್ಲೋ ಹೆಸರು ಹೇಳ್ತಾರೆ. 1944ರ ಚಿತ್ರದಲ್ಲಿ ಅವಳು ತನ್ನ ಬೆನ್ನುಮೂಳೆಯನ್ನು ಬಿರುಕುಬಿಟ್ಟ ಕಂಬದ ಹಾಗೆ ಬರೆದಿದ್ದಾಳೆ, ನಿಜ. ಆದರೆ 1925ರ ಬಸ್ ಅಪಘಾತದಲ್ಲಿ ಅವಳ ಮೂಳೆ ನಿಜವಾಗಿಯೂ ಮುರಿದಿತ್ತು. ನನ್ನದು ಲೂಪಸ್, ಮೈಯ ರೋಗನಿರೋಧಕ ಶಕ್ತಿಯೇ ಮೈ ಮೇಲೆ ತಿರುಗಿಬೀಳೋ ಕಾಯಿಲೆ. ಅದರಲ್ಲಿ ಮುರಿದದ್ದು ಅಂತ ತೋರಿಸೋಕೆ ಏನಿದೆ? ಅದಕ್ಕೇ ಮೈಯನ್ನು ಬರೆಯೋದೇ ಬಿಟ್ಟೆ. ಅರ್ಧ ಮಡಚಿಟ್ಟ ಬಟ್ಟೆ, ಮೆಟ್ಟಿಲ ನಡುವೆ ಬಿಟ್ಟ ಚೀಲ, ಮಧ್ಯಾಹ್ನ ಪರದೆ ಎಳೆದ ಕಿಟಕಿ, ಇವನ್ನೇ ಬರೀತೀನಿ. ಬಿಸಿಲು ನನಗಾಗೋಲ್ಲ.

— ಬರೆದದ್ದನ್ನು ಬೇರೆಯವರಿಗೆ ತೋರಿಸೋಕೆ ಆತುರ ಬೇಡ. "ಇಷ್ಟೆಲ್ಲ ಬರೀತೀಯ ಅಂದ್ರೆ ಕಾಯಿಲೆ ಎಲ್ಲಿ ಬಂತು?" ಅಂತ ಕೇಳಿದವರಿದ್ದಾರೆ.

— ಪ್ರಶ್ನೆ ಕೇಳಿದವಳು ನಾನೇ. ಆ ಗೆರೆಚಿತ್ರದಲ್ಲಿ ಬೆನ್ನಿನ ಕಡೆಯದ್ದೂ ಇರಬೇಕಾ? ನನಗೆ ನೋವೆಲ್ಲ ಹಿಂದೇನೇ.

— ಇರಲಿ. ಎರಡೂ ಒಂದ್ಸಲ ಬರೆದು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ. ದಿನಾ ಹೊಸದಾಗಿ ಬರೆಯೋಕೆ ಹೋದರೆ ಬಣ್ಣ ಹಚ್ಚೋ ಹೊತ್ತಿಗೆ ಕೈ ಸೋತಿರುತ್ತೆ.